ಹಳೆಯ ಶಾಯಿ ಪೆನ್ನಿಗೆ ಬರವಣಿಗೆಯಾಚೆಗೂ ಕೆಲಸವಿದೆ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಹಳೆಯ ಶಾಯಿ ಪೆನ್ನುಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ಓದಿದೆ. ಹಿರಿಯರು ಬಳಸಿದ ಪೆನ್ನುಗಳನ್ನು ಹಿಡಿದು ಚಿತ್ರ ಬಿಡಿಸುವುದು, ನಿಬ್ಬನ್ನು ಬೋರಲು ಮಾಡಿ ಗೀರುವುದು, ಶಾಲೆಯ ಮಕ್ಕಳ ಕೈಗೆ ಪ್ರಯೋಗಕ್ಕೆಂದು ಕೊಡುವುದು ಇವೆಲ್ಲ ಅಪಚಾರವೆಂದೂ, ಅಂಥ ಪೆನ್ನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯ್ದುಕೊಳ್ಳಬೇಕೆಂದೂ ಅವರು ಅಭಿಪ್ರಾಯಪಟ್ಟಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ, ನಿವೃತ್ತಿಯಾದ ಮೇಲೆ ನೆರೆಹೊರೆಯವರ ಹಳೆಯ ಪೆನ್ನುಗಳನ್ನು ಬಿಚ್ಚಿ ತೊಳೆದು ಮತ್ತೆ ಬರೆಯುವಂತೆ ಮಾಡಿಕೊಡುತ್ತ ಬಂದಿರುವ ನನ್ನ ಅನುಭವ ಬೇರೆಯಾಗಿದೆ. ನನ್ನ ಮೇಜಿಗೆ ಬಂದ ಕೆಟ್ಟ ಪೆನ್ನುಗಳಲ್ಲಿ ಹೆಚ್ಚಿನವು ಯಾರೂ ಮುಟ್ಟದೆ ಇಟ್ಟಿದ್ದರಿಂದ ಕೆಟ್ಟವು. ಉಳಿದವು ತಪ್ಪು ಶಾಯಿಯಿಂದ ಕೆಟ್ಟವು. ಚಿತ್ರ ಬಿಡಿಸಿದ್ದರಿಂದ ಕೆಟ್ಟ ಪೆನ್ನನ್ನು ನಾನು ಇನ್ನೂ ಕಂಡಿಲ್ಲ.

ನನ್ನ ತಂದೆಯವರು ಕೊಪ್ಪಳದ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಶೇಂಗಾ, ಸಜ್ಜೆ, ಹತ್ತಿಯ ಆವಕ ಜೋರಾಗಿರುವ ದಿನಗಳಲ್ಲಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಕಿರ್ದಿ ಬರೆಯುತ್ತಿದ್ದರು. ಮನೆಗೆ ಬಂದಾಗ ಅವರ ಬಲಗೈಯ ನಡುಬೆರಳಿನ ಮಗ್ಗುಲು ನೀಲಿಯಾಗಿರುತ್ತಿತ್ತು. ಅವರದು ಹೈದರಾಬಾದಿನಿಂದ ತರಿಸಿದ ಕರಿಯ ಎಬೊನೈಟಿನ, ಅಂದರೆ ಗಟ್ಟಿ ರಬ್ಬರಿನ, ದಪ್ಪ ಪೆನ್ನು, ಕುತ್ತಿಗೆಯ ತಿರುಪು ಬಿಚ್ಚಿ ಫಿಲ್ಲರಿನಿಂದ ನೇರವಾಗಿ ಹೊಟ್ಟೆಗೆ ಶಾಯಿ ಹಾಕುವಂಥದ್ದು. ಅವರು ತೀರಿಕೊಂಡ ಮೇಲೆ ಅದು ಕಬ್ಬಿಣದ ಟ್ರಂಕನ್ನು ಸೇರಿತು. ಪ್ರತಿವರ್ಷ ಮಹಾನವಮಿಯಂದು ನಮ್ಮ ತಾಯಿ ಅದನ್ನು ಹೊರತೆಗೆದು, ಹಳೆಯ ಖಾತೆ ಪುಸ್ತಕದ ಮೇಲಿಟ್ಟು, ಅರಿಸಿನ ಕುಂಕುಮ ಏರಿಸಿ ಪೂಜೆ ಮಾಡಿ, ಮರುದಿನ ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ತಾಯಿಯ ನಂತರ ಟ್ರಂಕು ನನ್ನ ಪಾಲಿಗೆ ಬಂದಾಗ ನೋಡಿದರೆ, ಕೊನೆಯ ಸಲ ತಂದೆಯವರು ತುಂಬಿದ ಶಾಯಿ ಒಳಗೇ ಒಣಗಿ ಇದ್ದಿಲಿನ ಪುಡಿಯಂತೆ ಅಂಟಿಕೊಂಡಿತ್ತು, ತಿರುಪಿನ ಸಂದುಗಳಲ್ಲಿ ಕುಂಕುಮ ಕೂತು ಗಟ್ಟಿಯಾಗಿತ್ತು, ಕ್ಯಾಪು ತೆಗೆಯಲಿಕ್ಕೇ ಬರುತ್ತಿರಲಿಲ್ಲ. ನಾವು ವರ್ಷಕ್ಕೊಮ್ಮೆ ಕೈ ಮುಗಿದ ಪೆನ್ನು ನಮ್ಮ ಕಣ್ಣೆದುರಿಗೇ ಕಟ್ಟಿಹೋಗಿತ್ತು.

ಇದು ಏಕೆ ಆಗುತ್ತದೆಂದು ತಿಳಿಯಬೇಕಾದರೆ ಶಾಯಿ ಪೆನ್ನಿನ ಒಳಗನ್ನು ಸ್ವಲ್ಪ ನೋಡಬೇಕು. ನಿಬ್ಬಿನ ಅಡಿಯಲ್ಲಿ ಅದಕ್ಕೆ ಒತ್ತಿಕೊಂಡು ಒಂದು ಕರಿಯ ತುಂಡು ಕೂತಿರುತ್ತದೆ. ಪುಸ್ತಕಗಳಲ್ಲಿ ಅದನ್ನು ಫೀಡ್ ಎನ್ನುತ್ತಾರೆ, ನಾನು ಮಕ್ಕಳಿಗೆ ಪೆನ್ನಿನ ನಾಲಿಗೆ ಎಂದೇ ಹೇಳಿಕೊಡುತ್ತಿದ್ದೆ. ಆ ನಾಲಿಗೆಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆ ಈ ಕಾಲುವೆಗಳಲ್ಲಿ ಶಾಯಿ ಹರಿದು ನಿಬ್ಬಿನ ಸೀಳಿಗೆ ಬರುತ್ತದೆ, ಹೊರಬಂದ ಶಾಯಿಯ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಹೋಗುತ್ತದೆ. ಈ ಕೊಡುಕೊಳ್ಳುವಿಕೆ ಹದವಾಗಿ ನಡೆಯುವ ನಾಲಿಗೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಮೇಲೆಯೇ ಶಾಯಿ ಪೆನ್ನು ನಂಬಿಕೆಯ ವಸ್ತುವಾಯಿತು. ಶಾಯಿಯೆಂದರೆ ಬಹುಮಟ್ಟಿಗೆ ನೀರು ಮತ್ತು ಅದರಲ್ಲಿ ಕರಗಿದ ಬಣ್ಣ. ಪೆನ್ನನ್ನು ಬಳಸುತ್ತಿದ್ದರೆ ಹೊಸ ಶಾಯಿ ಹರಿದು ಕಾಲುವೆ ತೊಳೆದುಕೊಳ್ಳುತ್ತಲೇ ಇರುತ್ತದೆ; ತುಂಬಿಟ್ಟು ಮರೆತರೆ ನೀರು ಆರಿ, ಬಣ್ಣ ಕಾಲುವೆಯಲ್ಲಿಯೇ ಹೆಪ್ಪುಗಟ್ಟುತ್ತದೆ. ಒಳಗೆ ರಬ್ಬರಿನ ಟ್ಯೂಬು ಇರುವ ಪೆನ್ನುಗಳಲ್ಲಿ ಆ ಟ್ಯೂಬು ಕಾಲಾಂತರದಲ್ಲಿ ಗಟ್ಟಿಯಾಗಿ ಒಡೆಯುತ್ತದೆ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. 1948ರ ನಂತರದ ಮಾದರಿಗಳಿಗೆ ಹಾಕಿದ ಪ್ಲಾಸ್ಟಿಕ್ ಟ್ಯೂಬು ಇಂದಿಗೂ ಅನೇಕ ಪೆನ್ನುಗಳಲ್ಲಿ ಮೆತ್ತಗೆ ಉಳಿದು ಶಾಯಿ ಎಳೆಯುತ್ತಿದೆ.

ತಂದೆಯವರ ಪೆನ್ನನ್ನು ಆರು ದಿನ ತಣ್ಣೀರಿನಲ್ಲಿಟ್ಟು, ದಿನಕ್ಕೆರಡು ಸಲ ನೀರು ಬದಲಿಸಿ ಬಿಡಿಸಿದೆ. ಬಿಸಿನೀರು ಹಾಕಲಿಲ್ಲ, ಏಕೆಂದರೆ ಬಿಸಿನೀರಿಗೆ ಎಬೊನೈಟಿನ ಕಪ್ಪು ಕಂದಾಗುತ್ತದೆ. ಕ್ಯಾಪು ಬಿಟ್ಟುಕೊಂಡ ಮೇಲೆ ನೋಡಿದರೆ ಪೆನ್ನಿನ ಮೈ ಎರಡು ಬಣ್ಣವಾಗಿತ್ತು: ಕ್ಯಾಪಿನ ಮರೆಯಲ್ಲಿದ್ದ ಭಾಗ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು, ವರ್ಷಗಟ್ಟಲೆ ಬೆಳಕು ಕಂಡ ಭಾಗ ಚಹದ ಬಣ್ಣಕ್ಕೆ ತಿರುಗಿತ್ತು. ಶಾಯಿ ತುಂಬಿ ನನ್ನ ಹೆಸರು ಬರೆಯಲು ಹೋದರೆ ಗೀರು ಮೂಡಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ನಿಬ್ಬಿನ ತುದಿಯ ಗುಂಡು ದುಂಡಗಿರಲಿಲ್ಲ. ಮೂವತ್ತು ವರ್ಷ ಒಂದೇ ಕೈ ಒಂದೇ ಓರೆಯಲ್ಲಿ ಉಜ್ಜಿದ್ದರಿಂದ ಎಡಮಗ್ಗುಲು ಸವೆದು ಸಣ್ಣ ಉಳಿಯ ಬಾಯಿಯಂತಾಗಿತ್ತು. ಪೆನ್ನನ್ನು ಬೆರಳುಗಳ ನಡುವೆ ತುಸು ಎಡಕ್ಕೆ ಹೊರಳಿಸಿ, ತಂದೆಯವರು ಹಿಡಿಯುತ್ತಿದ್ದಂತೆ ಹಿಡಿದಾಗ ಶಾಯಿ ಹರಿಯಿತು, ಮತ್ತು ಕೆಳಗೆಳೆದ ಗೀರು ದಪ್ಪವಾಗಿ, ಅಡ್ಡ ಎಳೆದದ್ದು ತೆಳ್ಳಗೆ ಬಂತು. ಕನ್ನಡದ ಅಕ್ಷರಗಳು ಬಹುತೇಕ ದುಂಡು ಸುತ್ತುಗಳಾದ್ದರಿಂದ ಇಂಥ ನಿಬ್ಬಿನಲ್ಲಿ ಅವುಗಳ ಸೊಬಗು ನೋಡಬೇಕು. ‘ಠ’ದ ಸುತ್ತಿನಲ್ಲಿ ಗೀರು ತಾನಾಗಿ ಉಬ್ಬಿ ತಾನಾಗಿ ಇಳಿಯುತ್ತದೆ, ತಲೆಕಟ್ಟು ಕತ್ತಿಯ ಅಂಚಿನಂತೆ ಮುಗಿಯುತ್ತದೆ. ಲೆಕ್ಕ ಬರೆಯಲು ಬಂದ ಪೆನ್ನು, ಲೆಕ್ಕ ಬರೆದು ಬರೆದೇ ಅಕ್ಷರಗಳನ್ನು ಚಿತ್ರವಾಗಿ ಬರೆಯುವ ಪೆನ್ನಾಗಿ ಬದಲಾಗಿತ್ತು. ಅಂದಿನಿಂದ ನಮ್ಮ ಓಣಿಯ ಮದುವೆಯ ಲಕೋಟೆಗಳ ಮೇಲಿನ ಹೆಸರುಗಳನ್ನೂ, ಶಾಲೆಯ ಪ್ರಶಸ್ತಿಪತ್ರಗಳನ್ನೂ ಅದರಿಂದಲೇ ಬರೆಯುತ್ತಿದ್ದೇನೆ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅದರ ನಿಬ್ಬಿನಲ್ಲಿ ತಂದೆಯವರ ಕೈ ಉಳಿದಿದೆಯೆಂಬುದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನಿಬ್ಬನ್ನು ಬೋರಲು ಮಾಡಿ ಗೀರುವುದರ ಬಗ್ಗೆ ಆ ಓದುಗರು ವಿಶೇಷವಾಗಿ ನೊಂದುಕೊಂಡಿದ್ದರು. ಕೈ ಹಗುರವಾಗಿದ್ದರೆ ಅದರಿಂದ ಕೇಡಿಲ್ಲ. ಅನೇಕ ಹಳೆಯ ನಿಬ್ಬುಗಳ ತುದಿಗೆ ಗಟ್ಟಿ ಲೋಹದ ಸಣ್ಣ ಗುಂಡನ್ನು ಬೆಸೆದಿರುತ್ತಾರೆ. ಬೋರಲಾಗಿ ಹಿಡಿದಾಗ ಆ ಗುಂಡಿನ ಮೇಲಂಚು ಮಾತ್ರ ಕಾಗದಕ್ಕೆ ತಾಗಿ, ಶಾಯಿ ಕಡಿಮೆ ಇಳಿದು, ಗೀರು ಅರ್ಧಕ್ಕರ್ಧ ತೆಳುವಾಗುತ್ತದೆ. ಹಕ್ಕಿಯ ಪುಕ್ಕ, ಬೇವಿನ ಎಲೆಯ ನರ, ನಕಾಶೆಯಲ್ಲಿ ಹಳ್ಳಿಗಳ ಹೆಸರು ಇವಕ್ಕೆಲ್ಲ ಇದು ಸಾಕು. ಆದರೆ ಒತ್ತಬಾರದು, ಒತ್ತಿದರೆ ಕಾಗದದ ನಾರು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಕಲಾವಿದರೊಬ್ಬರಿಗೆ ಒಮ್ಮೆ ನಾನು ಈ ರೀತಿಯನ್ನು ತೋರಿಸಿದಾಗ ಅವರು ಕಾಗದದ ಮೇಲೆ ಗರುಡನ ಹುಬ್ಬನ್ನು ಒಂದೇ ಉಸಿರಿಗೆ ಎಳೆದು ತೋರಿಸಿ, ಮರದ ಗೊಂಬೆಗೆ ಕುಂಚವೇ ಆಗಬೇಕು, ಆದರೆ ಕರಡು ಬರೆದುಕೊಳ್ಳಲು ಇದು ಒಳ್ಳೆಯದೆಂದು ಹೇಳಿದರು.

ಟ್ಯೂಬು ಒಡೆದುಹೋದ, ಪಿಸ್ಟನ್ನು ಹಿಡಿದುಕೊಂಡ ಪೆನ್ನುಗಳನ್ನು ಜನ ಕೆಲಸಕ್ಕೆ ಬಾರದವೆಂದು ಬಿಸಾಡುತ್ತಾರೆ. ಅವನ್ನು ಟಾಕಿನಂತೆ, ಅಂದರೆ ಹೊಟ್ಟೆಯಲ್ಲಿ ಶಾಯಿ ತುಂಬದ ಹಳೆಯ ಲೇಖನಿಯಂತೆ, ಶಾಯಿಯ ದೌತಿಯಲ್ಲಿ ಅದ್ದಿ ಬಳಸಬಹುದು. ಬರಿಯ ಟಾಕು ಒಂದು ಅದ್ದಿಗೆ ಕೆಲವು ಪದ ಬರೆದು ಬರಿದಾಗುತ್ತದೆ. ಶಾಯಿ ಪೆನ್ನಿನ ನಾಲಿಗೆಯ ಕಾಲುವೆಗಳು ಶಾಯಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಲವು ಸಾಲುಗಳವರೆಗೆ ನಡೆಯುತ್ತದೆ. ಅದ್ದಿ ಬರೆಯುವುದರಲ್ಲಿ ಇನ್ನೊಂದು ಅನುಕೂಲವಿದೆ. ಶಾಯಿಯಲ್ಲಿ ಅದ್ದಿದ ನಿಬ್ಬಿನ ತುದಿಯನ್ನು ತಿಳಿನೀರಿಗೆ ಒಂದು ಕ್ಷಣ ಮುಟ್ಟಿಸಿ ಗೀರೆಳೆದರೆ, ಗೀರು ಬೂದಿಯಂತೆ ಮಸುಕಾಗಿ ಶುರುವಾಗಿ, ಹೋಗುತ್ತ ಹೋಗುತ್ತ ಕಪ್ಪೇರುತ್ತದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾನು ಇಂಥ ಪೆನ್ನುಗಳನ್ನೇ ಒಯ್ಯುತ್ತಿದ್ದೆ. ಅಲ್ಲಿ ಬೃಹತ್ ಶಿಲಾಯುಗದ ನೆನಪಿನ ಆ ಕಲ್ಲುಮನೆಗಳಿವೆಯಲ್ಲ, ನೆಟ್ಟ ಚಪ್ಪಡಿಗಳ ಮೇಲೆ ಒಂದು ದೊಡ್ಡ ಚಪ್ಪಡಿ ಹೊದಿಸಿ, ಕೆಲವಕ್ಕೆ ಎದುರಿಗೆ ದುಂಡನೆಯ ಕಂಡಿ ಕೊರೆದವು, ಅವುಗಳ ಬಿಸಿಲ ಮಗ್ಗುಲು ಮತ್ತು ನೆರಳ ಮಗ್ಗುಲು ಪೆನ್ಸಿಲಿಗೆ ಸಿಕ್ಕುವುದು ಕಷ್ಟ. ನೀರು ಮುಟ್ಟಿಸಿದ ನಿಬ್ಬು ಒಂದೇ ಗೀರಿನಲ್ಲಿ ಎರಡನ್ನೂ ಕೊಡುತ್ತದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಆ ಕಂಡಿಯ ಒಳಗಿನ ಕತ್ತಲನ್ನು ಹೀಗೆ ಹೊರಗಿನಿಂದ ಒಳಕ್ಕೆ ಕಪ್ಪೇರಿಸುತ್ತ ಸುತ್ತಿ ಸುತ್ತಿ ಬರೆದದ್ದು ಈಗಲೂ ನನ್ನ ಬಳಿ ಇದೆ.

ಸಾಮಾನ್ಯ ನೀಲಿ ಶಾಯಿ ನೀರಿಗೆ ಕರಗುವುದು ಬರೆಯುವವರಿಗೆ ದೋಷ, ಚಿತ್ರ ಬಿಡಿಸುವವರಿಗೆ ಗುಣ. ಪೆನ್ನಿನಿಂದ ಗೀರು ಹಾಕಿ ಅದರ ಮೇಲೆ ಒದ್ದೆ ಕುಂಚ ಆಡಿಸಿದರೆ ಗೀರಿನಿಂದಲೇ ನೆರಳು ಹುಟ್ಟುತ್ತದೆ, ಬೇರೆ ಬಣ್ಣದ ಡಬ್ಬಿ ಬೇಕಾಗುವುದಿಲ್ಲ. ಆ ನೀಲಿ ಒಣಗಿದ ಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರಿನಲ್ಲಿ ಬೇವಿನ ಕಡ್ಡಿ ಅದ್ದಿ ಎಳೆದರೆ ಅಲ್ಲಿ ಬಿಳಿಯ ಗೀರು ಮೂಡುತ್ತದೆ. ಬೆಳದಿಂಗಳ ತುಂಗಭದ್ರೆಯನ್ನು ಮಕ್ಕಳು ಹೀಗೆಯೇ ಬರೆಯುತ್ತಾರೆ. ಈ ತಿಳಿನೀರನ್ನು ಪೆನ್ನಿಗೆ ಎಂದೂ ತೋರಿಸಬಾರದು, ಉಕ್ಕಿನ ನಿಬ್ಬನ್ನು ಅದು ತಿನ್ನುತ್ತದೆ.

ಚಿತ್ರಕ್ಕಿಂತಲೂ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ವಿಜ್ಞಾನದ ಪಾಠಕ್ಕೆ ಈ ಪೆನ್ನುಗಳು ಬಂದ ರೀತಿ. ನಮ್ಮ ಶಾಲೆಯಲ್ಲಿ ಸ್ಥಿರ ವಿದ್ಯುತ್ತಿನ ಪಾಠಕ್ಕೆ ಎಬೊನೈಟ್ ಕಡ್ಡಿ ಬೇಕೆಂದು ಪಠ್ಯದಲ್ಲಿತ್ತು, ಪ್ರಯೋಗಾಲಯದಲ್ಲಿ ಕಡ್ಡಿ ಇರಲಿಲ್ಲ. ವಿಜ್ಞಾನದ ಶಿಕ್ಷಕರು ಅದನ್ನು ನನ್ನೆದುರು ಹೇಳಿಕೊಂಡಾಗ ನನ್ನ ಜೇಬಿನಲ್ಲಿಯೇ ಎಬೊನೈಟ್ ಇತ್ತು. ರಬ್ಬರಿಗೆ ಧಾರಾಳವಾಗಿ ಗಂಧಕ ಬೆರೆಸಿ ಬಹಳ ಹೊತ್ತು ಕಾಯಿಸಿದರೆ ಸಿಗುವ ಗಟ್ಟಿ ಪದಾರ್ಥವೇ ಎಬೊನೈಟ್. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅದು ಬಂದ ಮೇಲೆ, ಶಾಯಿಗೆ ಜಗ್ಗದ ವಸ್ತುವೆಂದು ಪೆನ್ನಿನವರು ಅದನ್ನು ಹಿಡಿದುಕೊಂಡರು. ಸ್ವದೇಶಿ ಚಳವಳಿಯ ಕಾಲದಲ್ಲಿ, 1930ರ ದಶಕದಲ್ಲಿ, ರಾಜಮಹೇಂದ್ರಿಯ ರತ್ನಂ ಪೆನ್ನುಗಳು ಹೆಸರಾದದ್ದೂ ಎಬೊನೈಟಿನಿಂದಲೇ. ತಂದೆಯವರ ಪೆನ್ನಿನ ಶಾಯಿ ಖಾಲಿ ಮಾಡಿ, ತೊಳೆದು ಒರೆಸಿ, ತರಗತಿಗೆ ಒಯ್ದೆವು. ಒಬ್ಬ ಹುಡುಗ ಮನೆಯಿಂದ ಕುರಿಯುಣ್ಣೆಯ ಕರಿ ಕಂಬಳಿ ತಂದಿದ್ದ. ಕಂಬಳಿಗೆ ಪೆನ್ನನ್ನು ಇಪ್ಪತ್ತು ಸಲ ಜೋರಾಗಿ ತಿಕ್ಕಿ ಕಾಗದದ ಚೂರುಗಳ ಹತ್ತಿರ ಹಿಡಿದಾಗ ಅವು ಜಿಗಿದು ಬಂದು ಪೆನ್ನಿಗೆ ಅಂಟಿಕೊಂಡವು. ನಲ್ಲಿಯಿಂದ ದಾರದಂತೆ ಸಣ್ಣಗೆ ಬೀಳುವ ನೀರಿನ ಹತ್ತಿರ ಹಿಡಿದಾಗ ನೀರಿನ ಧಾರೆ ಪೆನ್ನಿನ ಕಡೆಗೆ ಬಾಗಿತು. ಉಣ್ಣೆಯಿಂದ ಋಣ ವಿದ್ಯುದಂಶ ಎಬೊನೈಟಿಗೆ ದಾಟುತ್ತದೆಂಬ ಸಾಲನ್ನು ಆ ಮಕ್ಕಳು ಬಾಯಿಪಾಠ ಮಾಡಬೇಕಾಗಲಿಲ್ಲ. ತಿಕ್ಕಿದ ಕಾವಿಗೆ ಪೆನ್ನಿನಿಂದ ಗಂಧಕದ ವಾಸನೆ ಬರುತ್ತದೆಂಬುದನ್ನೂ ಒಬ್ಬಳು ಮೂಸಿ ಕಂಡುಹಿಡಿದಳು. ಇದನ್ನು ಚಳಿಗಾಲದಲ್ಲಿಯೋ ಬೇಸಿಗೆಯ ಒಣ ಹವೆಯಲ್ಲಿಯೋ ಮಾಡಬೇಕು. ಮಳೆಗಾಲದ ತೇವದಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಪಾಠವೂ ಅದೇ ಪೆನ್ನಿನಲ್ಲಿ ಸಿಗುತ್ತದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಹೊಟ್ಟೆಗೆ ನೇರವಾಗಿ ಶಾಯಿ ಹಾಕುವ ಪೆನ್ನುಗಳು ಆ ದಿನಗಳಲ್ಲಿ ಅಂಗಿಯ ಜೇಬಿಗೆ ನೀಲಿ ಕಲೆ ಮಾಡುತ್ತಿದ್ದುದು ಹಿಂದಿನ ತಲೆಮಾರಿನ ಎಲ್ಲರಿಗೂ ಗೊತ್ತು, ಆದರೆ ಪೆನ್ನು ಸೋರುತ್ತದೆಂದು ಬೈದವರೇ ಹೆಚ್ಚು. ಶಾಯಿ ಮುಕ್ಕಾಲು ಖಾಲಿಯಾದ ಮೇಲೆ ಹೊಟ್ಟೆಯಲ್ಲಿ ಗಾಳಿಯೇ ಹೆಚ್ಚಿರುತ್ತದೆ. ಮೈಯ ಕಾವಿಗೆ ಆ ಗಾಳಿ ಹಿಗ್ಗಿ ಉಳಿದ ಶಾಯಿಯನ್ನು ಹೊರಗೆ ದೂಡುತ್ತದೆ. ಕಾಲು ಭಾಗ ಶಾಯಿಯಿರುವ ಪೆನ್ನಿನ ನಿಬ್ಬನ್ನು ಕೆಳಮುಖ ಮಾಡಿ ಅದರ ಹೊಟ್ಟೆಯನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಹೇಳಿ ನೋಡಿ. ಸ್ವಲ್ಪ ಹೊತ್ತಿಗೆ ನಾಲಿಗೆಯ ಕೆಳಗೆ ಒಂದು ಹನಿ ಮೂಡಿ, ದಪ್ಪವಾಗಿ, ಬೀಳುತ್ತದೆ. ಕಾದ ಗಾಳಿ ಹಿಗ್ಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಯಾವ ಮಗುವಿಗೂ ಬೇಡ. ಬೇಸಿಗೆಯಲ್ಲಿ ಇಂಥ ಪೆನ್ನನ್ನು ತುಂಬಿಯೇ ಇಟ್ಟುಕೊಳ್ಳಬೇಕು ಇಲ್ಲವೇ ಪೂರ್ತಿ ಬರಿದು ಮಾಡಬೇಕೆಂಬ ನಮ್ಮ ತಂದೆಯವರ ಪದ್ಧತಿಯ ಹಿಂದಿನ ಕಾರಣವೂ ಇದೇ.

ಬ್ಲಾಟಿಂಗ್ ಪೇಪರಿನ ಉದ್ದ ಪಟ್ಟಿಯ ಬುಡದ ಹತ್ತಿರ ನಿಬ್ಬಿನಿಂದ ಕಪ್ಪು ಶಾಯಿಯ ಒಂದು ಚುಕ್ಕೆ ಇಟ್ಟು, ಪಟ್ಟಿಯ ತುದಿಯನ್ನು ನೀರಿಗೆ ತಾಗಿಸಿ ನಿಲ್ಲಿಸಿದರೆ, ನೀರು ಏರುತ್ತ ಆ ಕಪ್ಪನ್ನು ನೀಲಿ, ನೇರಳೆ, ಕೆಲವೊಮ್ಮೆ ಹಳದಿಯಾಗಿ ಬಿಡಿಸಿಟ್ಟು ಹೋಗುತ್ತದೆ. ಬಣ್ಣಗಳನ್ನು ಬೇರ್ಪಡಿಸುವ ಈ ವಿಧಾನಕ್ಕೆ ಸಣ್ಣ ಚುಕ್ಕೆ ಬೇಕು, ಸಣ್ಣ ಚುಕ್ಕೆಗೆ ನಿಬ್ಬಿನಷ್ಟು ಒಳ್ಳೆಯ ಸಾಧನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಆ ಓದುಗರ ಆತಂಕಕ್ಕೆ ಕಾರಣವಿರುವ ಒಂದು ಘಟನೆಯನ್ನೂ ಮುಚ್ಚಿಡದೆ ಹೇಳಬೇಕು. ಎರಡು ವರ್ಷಗಳ ಹಿಂದೆ ಜಿಲ್ಲೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ತಮ್ಮ ತಮ್ಮ ಮನೆಯ ಹಳೆಯ ಪೆನ್ನು ತಂದು ಚಿತ್ರ ಬಿಡಿಸುವ ಚಟುವಟಿಕೆ ಏರ್ಪಡಿಸಿದ್ದರು. ಆಲೋಚನೆ ಬಹಳ ಒಳ್ಳೆಯದು. ಆದರೆ ಚಿತ್ರ ನೀರಿಗೆ ಅಳಿಸಬಾರದೆಂದು ಅಲ್ಲಿ ಎಲ್ಲ ಪೆನ್ನುಗಳಿಗೂ ನೀರು ತಾಗದ ಕರಿಯ ಡ್ರಾಯಿಂಗ್ ಇಂಕು ತುಂಬಿದರು. ಆ ಇಂಕಿನಲ್ಲಿ ಕಾಡಿಗೆಯ ಕಣಗಳನ್ನು ಕಾಗದಕ್ಕೆ ಹಿಡಿಸಲು ಅರಗು ಬೆರೆಸಿರುತ್ತಾರೆ. ಟಾಕಿಗೆ ಅದು ಸರಿ, ಬಳಸಿ ಒರೆಸಿಬಿಟ್ಟರೆ ಮುಗಿಯಿತು. ಶಾಯಿ ಪೆನ್ನಿನ ಕಾಲುವೆಯಲ್ಲಿ ಅದು ಒಣಗಿದರೆ ಮೆರುಗೆಣ್ಣೆ ಬಳಿದಂತೆಯೇ ಸರಿ. ಮುಂದಿನ ಎರಡು ವಾರಗಳಲ್ಲಿ ಆ ಮಕ್ಕಳ ಮನೆಯವರು ಒಬ್ಬರ ಹಿಂದೊಬ್ಬರು ಒಟ್ಟು ಹನ್ನೊಂದು ಪೆನ್ನುಗಳನ್ನು ನನ್ನ ಬಳಿಗೆ ತಂದರು. ಒಬ್ಬ ವೃದ್ಧೆ ತಮ್ಮ ಮೊಮ್ಮಗನ ಕೈ ಹಿಡಿದುಕೊಂಡು ಬಂದು, ಸೆರಗಿನ ಗಂಟಿನಿಂದ ಒಂದು ಕೆಂಪು ಪೆನ್ನು ಬಿಚ್ಚಿ, “ಮಾಸ್ತರ, ಇದು ನಮ್ಮನಿಯವ್ರ ಪೆನ್ನರಿ, ಹೆಂಗರ ಮಾಡಿ ಒಂದ್ ಸಲ ಬರಿಯೂ ಹಂಗ ಮಾಡಿಕೊಡ್ರಿ” ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ತಪ್ಪು ಅವನದಾಗಿರಲಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

ಅರಗು ಸ್ಪಿರಿಟಿನಲ್ಲಿ ಕರಗುತ್ತದೆಂದು ಬಲ್ಲವರು ಸ್ಪಿರಿಟ್ ಹಾಕಲು ಮುಂದಾಗುತ್ತಾರೆ. ಹಾಗೆ ಮಾಡಬಾರದು, ಹಳೆಯ ಪೆನ್ನುಗಳಲ್ಲಿ ಹಲವು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನವು, ಸ್ಪಿರಿಟಿಗೆ ಅವುಗಳ ಮೈ ಮಂಕಾಗಿ ಬಿರುಕು ಬಿಡಬಹುದು, ಉಗುರುಬಣ್ಣ ತೆಗೆಯುವ ಅಸಿಟೋನಿಗಂತೂ ಕರಗಿಯೇ ಹೋಗುತ್ತವೆ. ನಾನು ಒಂದು ಬಟ್ಟಲು ತಣ್ಣೀರಿಗೆ ಕೆಲವು ಹನಿ ಅಮೋನಿಯಾ ಹಾಕಿ, ನಿಬ್ಬು ಮತ್ತು ನಾಲಿಗೆಯಷ್ಟನ್ನೇ ಅದರಲ್ಲಿ ನೆನೆಸಿ, ಮೆತ್ತಗಾದ ಅರಗನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದೆ. ಹನ್ನೊಂದರಲ್ಲಿ ಎಂಟು ಪೆನ್ನುಗಳು ಬದುಕಿದವು. ಆ ವೃದ್ಧೆಯ ಪೆನ್ನು ಕೊನೆಗೂ ಶಾಯಿ ಎಳೆಯಲಿಲ್ಲ, ಒಳಗಿನ ಟ್ಯೂಬು ಬ್ಯಾರಲ್ಲಿಗೆ ಅಂಟಿ ಹರಿದುಹೋಗಿತ್ತು. ಆದರೆ ನಿಬ್ಬು, ನಾಲಿಗೆಗಳು ಶುದ್ಧವಾದವು. ಅದ್ದಿ ಬರೆಯಲು ತೋರಿಸಿಕೊಟ್ಟೆ. ಅವರು ಅಕ್ಷರ ಕಲಿತವರಲ್ಲ. ಮೊಮ್ಮಗನ ಕೈಯಲ್ಲಿ ಅಜ್ಜನ ಹೆಸರು ಬರೆಸಿ, ಆ ಕಾಗದವನ್ನು ಆರುವವರೆಗೆ ಅಂಗೈಯಲ್ಲಿಯೇ ಹಿಡಿದು ಕೂತಿದ್ದರು.

ಯಾವ ಶಾಯಿ ಯಾವ ಸಾಧನಕ್ಕೆ ಎಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ನಮ್ಮ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದ ಕಡತವೆಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪು ಮಾಡಿದ ಮಡಿಕೆ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಈಗ ಕಚೇರಿಯ ಫೈಲಿಗೆ ಆ ಹೆಸರು ಉಳಿದುಕೊಂಡಿದೆ. ತಾಳೆಗರಿಗೆ ಕಂಠವೆಂಬ ಕಬ್ಬಿಣದ ಚೂಪು ಲೇಖನಿಯಿಂದ ಕೊರೆದು ಆಮೇಲೆ ಮಸಿ ತುಂಬುತ್ತಿದ್ದರು. ಕಾಗದಕ್ಕೆ ಅಳಲೆಕಾಯಿಯ ಕಷಾಯ ಮತ್ತು ಅನ್ನಭೇದಿಯೆಂಬ ಕಬ್ಬಿಣದ ಲವಣ ಸೇರಿಸಿದ ಕಪ್ಪು ಶಾಯಿ ಇತ್ತು. ಇಂದು ಕೆಲವು ಉತ್ಸಾಹಿಗಳು ಈ ಅಳಲೆಕಾಯಿ ಶಾಯಿಯನ್ನೂ, ದಾಳಿಂಬೆ ಸಿಪ್ಪೆಯ ಬಣ್ಣವನ್ನೂ ಮನೆಯಲ್ಲಿ ತಯಾರಿಸಿ ಅಜ್ಜನ ಪೆನ್ನಿಗೆ ತುಂಬಲು ನೋಡುತ್ತಾರೆ. ತಯಾರಿಸಲಿ, ಟಾಕಿನಲ್ಲಿ ಬರೆಯಲಿ. ಅದರ ಗಸಿ ಕಾಲುವೆಯನ್ನು ಕಟ್ಟುತ್ತದೆ, ಅದರ ಹುಳಿ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಆದ್ದರಿಂದ ಶಾಯಿ ಪೆನ್ನಿನ ಹೊಟ್ಟೆಗೆ ಅಂಗಡಿಯಲ್ಲಿ ಸಿಗುವ, ಶಾಯಿ ಪೆನ್ನಿಗೆಂದೇ ಮಾಡಿದ ಸಾಮಾನ್ಯ ಶಾಯಿಯನ್ನು ಬಿಟ್ಟು ಬೇರೇನನ್ನೂ ಹಾಕಬಾರದು.

ನಾನು ಬಳಕೆಯ ಪರವಾಗಿ ಮಾತನಾಡುತ್ತಿದ್ದೇನೆಂದರೆ ಎಲ್ಲ ಬಗೆಯ ಬಳಕೆಗೂ ಒಪ್ಪಿದಂತಲ್ಲ. ಪಟ್ಟಣದ ಒಂದು ಮಳಿಗೆಯಲ್ಲಿ ಹಳೆಯ ನಿಬ್ಬುಗಳಿಗೆ ತೂತು ಕೊರೆದು ಕಿವಿಯೋಲೆ ಮಾಡಿ ಮಾರುತ್ತಿದ್ದುದನ್ನು ಕಂಡೆ. ಪೆನ್ನಿನ ಬ್ಯಾರಲ್ಲುಗಳನ್ನು ಕತ್ತರಿಸಿ ಕೀಲಿಕೈ ಗೊಂಚಲಿಗೆ ಹಾಕಿದ್ದರು. ಇನ್ನು ಕೆಲವರು 14 ಕ್ಯಾರಟ್ ಚಿನ್ನದ ನಿಬ್ಬನ್ನು ಅಕ್ಕಸಾಲಿಗರಲ್ಲಿ ಕರಗಿಸಿಬಿಡುತ್ತಾರೆ. ಅಂಥ ನಿಬ್ಬಿನ ತೂಕ ಸಾಮಾನ್ಯವಾಗಿ ಒಂದು ಗ್ರಾಮಿಗೂ ಕಡಿಮೆ, ಅದರಲ್ಲಿಯೂ ಚಿನ್ನ ನೂರಕ್ಕೆ 58ರಷ್ಟು ಮಾತ್ರ. ಅಷ್ಟಕ್ಕಾಗಿ ಒಂದು ತಲೆಮಾರಿನ ಕೈ ಪಳಗಿಸಿದ ತುದಿ ಕರಗಿಹೋಗುತ್ತದೆ. ದಪ್ಪ ಗೀರು ಬೇಕೆಂದು ಹಳೆಯ ನಿಬ್ಬಿನ ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಬಗ್ಗಿಸುವವರೂ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಕಡಿಮೆ ಬೆಲೆಯ ಹೊಸ ಉಕ್ಕಿನ ನಿಬ್ಬು ಕೊಂಡು ಅದನ್ನು ಬಗ್ಗಿಸಿ ಹಳೆಯ ಪೆನ್ನಿಗೆ ತೊಡಿಸಿರಿ, ಮೂಲ ನಿಬ್ಬನ್ನು ಹತ್ತಿಯಲ್ಲಿ ಸುತ್ತಿ ತೆಗೆದಿಡಿರಿ. ಅದ್ದಿ ಬರೆದ, ಬೋರಲು ಹಿಡಿದ, ಕಂಬಳಿಗೆ ತಿಕ್ಕಿದ ಪೆನ್ನು ತೊಳೆದರೆ ಮತ್ತೆ ಕಾಗದ ಬರೆಯುತ್ತದೆ. ಕೊರೆದದ್ದು, ಕತ್ತರಿಸಿದ್ದು, ಕರಗಿಸಿದ್ದು ಬರೆಯುವುದಿಲ್ಲ. ಆ ಓದುಗರು ಅಪಚಾರವೆಂದು ಕರೆದ ಮಾತು ಈ ಎರಡನೆಯ ಬಗೆಗೆ ಪೂರ್ತಿಯಾಗಿ ಸಲ್ಲುತ್ತದೆ, ಮೊದಲನೆಯದಕ್ಕೆ ಸಲ್ಲುವುದಿಲ್ಲ.

ತಮ್ಮ ಪತ್ರಿಕೆಯ ಮೂಲಕ ಈ ಭಾಗದ ಶಾಲೆಗಳ ಶಿಕ್ಷಕರಲ್ಲಿ ನನ್ನದೊಂದು ವಿನಂತಿಯಿದೆ. ಮಕ್ಕಳಿಂದ ಹಳೆಯ ಪೆನ್ನು ತರಿಸುವ ಚಟುವಟಿಕೆಯನ್ನು ಖಂಡಿತ ಮಾಡಿರಿ, ಆದರೆ ಹಿಂದಿನ ದಿನ ತಣ್ಣೀರಿನಲ್ಲಿ ತೊಳೆಯುವುದನ್ನು ಮೊದಲ ಪಾಠವಾಗಿ ಕಲಿಸಿರಿ, ಸಾಮಾನ್ಯ ನೀಲಿ ಶಾಯಿಯನ್ನೇ ಕೊಡಿರಿ, ಚಟುವಟಿಕೆ ಮುಗಿದ ದಿನವೇ ಮತ್ತೆ ತೊಳೆಸಿ ಮನೆಗೆ ಕಳುಹಿಸಿರಿ. ಮಹಾನವಮಿಗೆ ಪೆನ್ನು ಪೂಜೆ ಮಾಡುವ ಮನೆಗಳವರು ಕುಂಕುಮವನ್ನು ಪೆನ್ನಿನ ತಿರುಪಿಗೆ ಬೀಳದಂತೆ ಕ್ಯಾಪಿನ ಮೇಲೆ ಮಾತ್ರ ಹಚ್ಚಿ, ಮರುದಿನ ಒಳಗಿಡುವ ಮೊದಲು ಒಂದು ಪುಟ ಏನನ್ನಾದರೂ ಬರೆದೋ ಬಿಡಿಸಿಯೋ, ತೊಳೆದು ಒಣಗಿಸಿ ಇಡುವುದು ಒಳ್ಳೆಯದು.

ನನ್ನಲ್ಲಿ ಈಗ ಅದ್ದಿ ಬಳಸುವ ಹದಿನಾಲ್ಕು ಪೆನ್ನುಗಳಿವೆ. ಬರುವ ಚಳಿಗಾಲದಲ್ಲಿ ನಮ್ಮ ಓಣಿಯ ಮಕ್ಕಳನ್ನು ಮತ್ತೆ ಹಿರೇಬೆಣಕಲ್ಲಿಗೆ ಕರೆದೊಯ್ಯುವ ಯೋಚನೆಯಿದೆ, ಮಕ್ಕಳು ಇಪ್ಪತ್ತೆರಡು ಮಂದಿ ಇದ್ದಾರೆ. ಯಾರ ಮನೆಯಲ್ಲಾದರೂ ಕೆಟ್ಟುಹೋಯಿತೆಂದು ಮೂಲೆಗೆ ಹಾಕಿದ ಶಾಯಿ ಪೆನ್ನು ಇದ್ದು, ಅದನ್ನು ಮಕ್ಕಳ ಕೈಗೆ ಕೊಡಲು ಮನಸ್ಸಿದ್ದರೆ, ತಮ್ಮ ಪತ್ರಿಕೆಯ ಕೊಪ್ಪಳದ ವರದಿಗಾರರಿಗೆ ತಲುಪಿಸಿದರೂ ನಾನು ಬಂದು ತೆಗೆದುಕೊಂಡು ಹೋಗುತ್ತೇನೆ. ಟ್ಯೂಬು ಹರಿದಿರಲಿ, ಕ್ಯಾಪು ಕಳೆದಿರಲಿ, ನಿಬ್ಬು ಮತ್ತು ಅದರ ಕೆಳಗಿನ ನಾಲಿಗೆ ಇದ್ದರೆ ಸಾಕು.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಕೊಪ್ಪಳ